ಅಧ್ಯಕ್ಷಪತಿತತ್ತ್ವ ವಿಚಾರ

ಅಧ್ಯಕ್ಷಪತಿಯೆಂದರೆ, ಮಹಿಳೆಗೆ ಮೀಸಲಾದ ಗ್ರಾಮ ಪಂಚಾಯಿತಿ ಸ್ಥಾನಕ್ಕೆ ನಾಮಪತ್ರ ಸಲ್ಲಿಸದೆ, ಮತ ಪಡೆಯದೆ, ಪ್ರಮಾಣವಚನವನ್ನೂ ಸ್ವೀಕರಿಸದೆ, ಕೇವಲ ತಾಳಿ ಕಟ್ಟಿದ ಅರ್ಹತೆಯಿಂದ ಆ ಸ್ಥಾನವನ್ನು ನಿರ್ವಹಿಸುವ ಪುರುಷ. ಹಿಂದಿ ಸೀಮೆಯಲ್ಲಿ ಈತನು ‘ಸರಪಂಚ ಪತಿ’ಯೆನಿಸಿದರೆ, ಕನ್ನಡ ನಾಡಿನಲ್ಲಿ ‘ಅಧ್ಯಕ್ಷರ ಯಜಮಾನರು’ ಎಂದು ಬಹುವಚನದಲ್ಲೇ ಕರೆಯುವ ರೂಢಿಯಿದೆ. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ಪಂಚಾಯಿತಿ ಸ್ಥಾನಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಕೊಟ್ಟಿತು, ಕರ್ನಾಟಕವು ಮುಂದೆ ಅದನ್ನು ಅರ್ಧಕ್ಕೆ ಏರಿಸಿತು. ಅಧ್ಯಕ್ಷಪತಿಗಳ ಸಂತತಿವೃದ್ಧಿಗೆ ಇಷ್ಟು ನೆರವಾದ ಶಾಸನ ಇನ್ನೊಂದಿಲ್ಲ.

ಈ ತತ್ತ್ವಕ್ಕೆ ವಿದೇಶೀ ಆಧಾರವೂ ಉಂಟು. ಮದುವೆಯಾದೊಡನೆ ಹೆಂಡತಿಯ ಕಾನೂನಾತ್ಮಕ ಅಸ್ತಿತ್ವವು ಗಂಡನಲ್ಲಿ ಲೀನವಾಗುತ್ತದೆಂದು 18ನೆಯ ಶತಮಾನದ ಆಂಗ್ಲ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್ ಪ್ರತಿಪಾದಿಸಿದ್ದನು. ಆಂಗ್ಲರು ಧೈರ್ಯಗೆಟ್ಟು, 1882ರ ಕಾಯಿದೆಯಿಂದ ವಿವಾಹಿತೆಗೆ ಸ್ವಂತ ಆಸ್ತಿಯ ಹಕ್ಕು ಕೊಟ್ಟು, ಈ ಅದ್ವೈತವನ್ನು ಸಡಿಲಿಸಿದರಾದರೂ ಭಾರತದ ಪಂಚಾಯಿತಿ ಕಚೇರಿಗಳಲ್ಲಿ ಅದಕ್ಕೆ ಚ್ಯುತಿ ಬಂದಿಲ್ಲ.

ಅನುಮಾನಪ್ರಮಾಣ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮ, ಇಲ್ಲಿ ಬಹು ಉಪಯುಕ್ತ. ಪರ್ವತದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ತಾರ್ಕಿಕರು ನಿರ್ಣಯಿಸುವಂತೆ, ಪಂಚಾಯಿತಿ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಜೊತೆ ಗಂಡ ಕಂಡರೆ ಊರಿಗೊಬ್ಬ ಅಧ್ಯಕ್ಷೆ ಇದ್ದಾಳೆಂದು ನಿರ್ಣಯಿಸತಕ್ಕದ್ದು. ಆಕೆ ಪ್ರತ್ಯಕ್ಷಳಾಗುವುದು ಸಹಿಯ ಹೊತ್ತಿನಲ್ಲಿ ಮಾತ್ರ. ಸಹಿಯೂ ಡಿಜಿಟಲ್ ಆಗಿ, ಅದರ ಕೀಲಿ ಯಜಮಾನರ ಜೇಬು ಸೇರಿದಲ್ಲಿ ಆ ಅಲ್ಪ ಶ್ರಮವೂ ತಪ್ಪುತ್ತದೆ. ಅಧ್ಯಕ್ಷರ ಮೊಬೈಲಿಗೆ ಕರೆ ಮಾಡಿದಾಗ ಗಂಡುದನಿಯೊಂದು ‘ಹೇಳಿ, ಅಧ್ಯಕ್ಷರೇ ಮಾತಾಡೋದು’ ಎಂದರೆ ಅದು ಲೀನಾವಸ್ಥೆಯ ಪರಾಕಾಷ್ಠೆ.

ಇದನ್ನೂ ಮೀರಿದ ಪ್ರಯೋಗವು ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯ ಪರಸ್ವಾರಾ ಗ್ರಾಮದಲ್ಲಿ 2025ರ ಮಾರ್ಚ್‌ನಲ್ಲಿ ನಡೆದು, ಗೆದ್ದ ಆರು ಮಹಿಳಾ ಸದಸ್ಯರ ಬದಲು ಅವರ ಗಂಡಂದಿರೇ ಪ್ರಮಾಣವಚನ ಸ್ವೀಕರಿಸಿದರು. ಶಾಸ್ತ್ರಸೂಕ್ಷ್ಮವನ್ನರಿಯದ ಆಡಳಿತವು ಪಂಚಾಯಿತಿ ಕಾರ್ಯದರ್ಶಿಯನ್ನು ಅಮಾನತು ಮಾಡಿತು. ಮೇಲೆ ಕೊಟ್ಟ ಲಕ್ಷಣವಾಕ್ಯದಿಂದ ‘ಪ್ರಮಾಣವಚನವನ್ನೂ ಸ್ವೀಕರಿಸದೆ’ ಎಂಬುದನ್ನು ಮುಂದಿನ ವಿದ್ವಾಂಸರು ತೆಗೆದುಹಾಕಬಹುದು.

ಪೂರ್ವಪಕ್ಷಿಗಳು, ಅಂದರೆ ಆಕ್ಷೇಪವೆತ್ತುವವರು, ಒಂದು ತೊಡಕನ್ನು ಮುಂದಿಡುತ್ತಾರೆ. ಎಲ್ಲೆಡೆಯೂ ಗಂಡನೇ ಆಳುವುದಾದರೆ ಮೀಸಲು ಪಂಚಾಯಿತಿಗೂ ಉಳಿದವಕ್ಕೂ ಭೇದವಿರಕೂಡದು. ಆದರೆ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಕುರಿತು ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನವು, ಮುಖ್ಯಸ್ಥಾನ ಮಹಿಳೆಗೆ ಮೀಸಲಾದಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ತೊಡಗಿಸಿದ್ದನ್ನು ಕಂಡಿತು. ಕೊಡ ಹೊತ್ತು ಅಭ್ಯಾಸವಿಲ್ಲದ ಯಜಮಾನರಿಗೆ ಈ ನೀರಿನ ಚಿಂತೆ ಎಲ್ಲಿಂದ ಹತ್ತಿತೆಂಬುದನ್ನು ಅಧ್ಯಕ್ಷಪತಿಶಾಸ್ತ್ರವು ಈವರೆಗೆ ವಿವರಿಸಿಲ್ಲ.