ಚಕ್ರಪಲ್ಲಟದ ತಾತ್ವಿಕ ನೆಲೆಗಳು: ಒಂದು ಪ್ರಾಸ್ತಾವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಜರ್ಮನಿಯ ಮನೆಯಂಗಳಗಳಲ್ಲಿ ವಸಂತದ ಹೊತ್ತಿಗೆ ಜರುಗುವ ಚಕ್ರಪಲ್ಲಟವೆಂಬ ವಿದ್ಯಮಾನವನ್ನು ಬಹುಶಿಸ್ತೀಯ ನೆಲೆಯಲ್ಲಿ, ದೇಸೀ ಕಣ್ಣಿನಿಂದ ಮರುಓದಿಗೆ ಒಡ್ಡುವ ಒಂದು ವಿನಮ್ರ ಪ್ರಯತ್ನ. ಚಳಿಗಾಲದ ನಾಲ್ಕು ಗಾಲಿ ಬಿಚ್ಚಿ ಬೇಸಿಗೆಯ ನಾಲ್ಕು ಗಾಲಿ ಹಾಕುವುದು ಎಂದು ಪಾಮರರು ಇದನ್ನು ಅರ್ಥೈಸುವುದುಂಟು. ಇಂಥ ಸರಳೀಕರಣಕ್ಕೆ ಬಡ್ತಿಯ ಅಂಕ ಸಿಗುವುದಿಲ್ಲ. ಅಧ್ಯಯನದ ವ್ಯಾಪ್ತಿ: ನಾಲ್ಕು ಗಾಲಿ. ಮಿತಿ: ಸೊಂಟ.

ಮೊದಲಿಗೆ ಕಾಲಮೀಮಾಂಸೆ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂಬುದು ಅಲ್ಲಿನ ಮೌಖಿಕ ಪರಂಪರೆ. ಈಸ್ಟರ್ ಬರುವುದೋ, ವಸಂತದ ಹುಣ್ಣಿಮೆ ಕಳೆದ ಭಾನುವಾರ. ಮಾರ್ಚ್ 22ಕ್ಕೂ ಬರಬಹುದು, ಏಪ್ರಿಲ್ 25ಕ್ಕೂ ಜಾರಬಹುದು. ಹೀಗೆ ಕಾರು ಕಟ್ಟಿಯೇ ಹೆಸರು ಮಾಡಿದ ದೇಶವೊಂದು ಗಾಲಿ ಬಿಚ್ಚುವುದಕ್ಕೆ ಚಂದ್ರನನ್ನು ನೋಡುತ್ತದೆ. ನಮ್ಮ ಪಂಚಾಂಗವನ್ನು ಮೂಢನಂಬಿಕೆ ಎಂದವರು ಉತ್ತರಿಸಲಿ. ಕಾನೂನು ಮಾತ್ರ ತಿಂಗಳ ಹೆಸರೆತ್ತುವುದಿಲ್ಲ. 2010ರಿಂದೀಚೆಗೆ ಅದು ಹೇಳುವುದು ಇಷ್ಟೇ: ರಸ್ತೆಯಲ್ಲಿ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದರೆ ತಕ್ಕ ಟೈರಿರಬೇಕು. ತಕ್ಕ ಟೈರಿನ ಲಾಂಛನ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು. ಆ ರಬ್ಬರು ಚಳಿಯಲ್ಲೂ ಬಿರುಸಾಗದಂತೆ ಮೆದುವಾಗಿ ಮಾಡಿದ್ದು. ಬೇಸಿಗೆಯಲ್ಲಿ ಇನ್ನೂ ಮೆತ್ತಗಾಗಿ ಬೇಗ ಸವೆಯುತ್ತದೆ, ಬ್ರೇಕು ಹಾಕಿದರೆ ಕಾರು ಮುಂದಕ್ಕೆ ಹೋಗಿ ನಿಲ್ಲುತ್ತದೆ.

ಚಕ್ರಪಲ್ಲಟಿಗರು ಐದು ಬಗೆ. ತಾವೇ ಬಿಚ್ಚುವ ಸ್ವಹಸ್ತವಾದಿಗಳು ಒಂದು. ಗ್ಯಾರೇಜಿಗೆ ಒಪ್ಪಿಸುವ ಪರಹಸ್ತವಾದಿಗಳು ಎರಡು. ಇವರ ಚಳಿಗಾಲದ ಗಾಲಿಗಳು ಬೇಸಿಗೆಯಿಡೀ ‘ಟೈರ್ ಹೋಟೆಲ್’ನಲ್ಲಿ ಬಾಡಿಗೆ ಕೊಟ್ಟು ತಂಗುತ್ತವೆ. ಮೂರನೆಯವರು ವರ್ಷವಿಡೀ ಒಂದೇ ಟೈರಿನಲ್ಲಿ ಓಡುವ ಸರ್ವಋತುವಾದಿಗಳು, ಅಂದರೆ ಮಾರ್ಗವೂ ಅಲ್ಲದ ದೇಸಿಯೂ ಅಲ್ಲದವರು. ನಾಲ್ಕನೆಯ ವರ್ಗಕ್ಕೆ ಮೂರು ಉಪವರ್ಗಗಳು, ಪ್ರತಿಯೊಂದಕ್ಕೂ... ಹೋಗಲಿ ಬಿಡಿ. ಐದನೆಯವರ ಹತ್ತಿರ ಕಾರೇ ಇಲ್ಲ.

ಇನ್ನು ಕ್ರಿಯಾವಿಧಾನ. ಸ್ಥಾವರ-ಜಂಗಮಗಳ ದ್ವಂದ್ವಾತ್ಮಕ ಬಿಕ್ಕಟ್ಟು ಎಂದು ನಾವು ಗುರುತಿಸುವ ಘಟ್ಟವೊಂದು ಇಲ್ಲಿದೆ: ಐದೂ ಬೋಲ್ಟು ಕಳಚಿವೆ, ಗಾಲಿ ಅಲ್ಲಾಡುತ್ತಿಲ್ಲ. ರಸ್ತೆಗೆ ಚೆಲ್ಲಿದ ಉಪ್ಪು ಇಡೀ ಚಳಿಗಾಲ ಕೆಲಸ ಮಾಡಿ ರಿಮ್ಮನ್ನೂ ಹಬ್ಬನ್ನೂ ತುಕ್ಕಿನಿಂದ ಬೆಸೆದಿದೆ. ಇಲ್ಲಿ ಯಾವ ತಾತ್ವಿಕ ಚೌಕಟ್ಟೂ ನೆರವಿಗೆ ಬರುವುದಿಲ್ಲ. ಬದಲಿ ಗಾಲಿಯೊಂದನ್ನು ಕಾರಿನಡಿ ಮಲಗಿಸಿ, ಎರಡು ಬೋಲ್ಟನ್ನು ಒಂದೆರಡು ಸುತ್ತು ವಾಪಸು ಕೂರಿಸಿ, ಟೈರಿನ ಬದಿಗೆ ರಬ್ಬರ್ ಸುತ್ತಿಗೆಯಿಂದ ಒಮ್ಮೆ ಮೇಲೆ ಒಮ್ಮೆ ಕೆಳಗೆ ಬಾರಿಸಬೇಕು. ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಕೆಂಪು ಹುಡಿ ಉದುರಿ ಕಬ್ಬಿಣ ಕಾಣುತ್ತದೆ. ಎಡ-ಬಲಗಳ ಸೈದ್ಧಾಂತಿಕ ಸಂಘರ್ಷವನ್ನು ಸೀಮೆಸುಣ್ಣವೇ ಬಗೆಹರಿಸುತ್ತದೆ: ಬಿಚ್ಚಿದ ಕೂಡಲೇ ‘ಮುಂದಿನ ಎಡ’, ‘ಹಿಂದಿನ ಬಲ’ ಎಂದು ಟೈರಿನ ಮೇಲೆ ಬರೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದನ್ನು, ಪ್ರಬಂಧಗಳ ರೂಢಿಯಂತೆ, ಹೇಳದೆ ಬಿಟ್ಟಿದ್ದೇನೆ. ಜಾಕ್ ಏರಿಸುವ ಮುಂಚೆ, ಗಾಲಿ ನೆಲದಲ್ಲಿರುವಾಗಲೇ, ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು. ಇದು ಪಂಕ್ಚರ್ ಅಂಗಡಿಯ ಹುಡುಗನಿಗೆ ಗೊತ್ತು. ಶ್ರಮಸಂಸ್ಕೃತಿಯ ಬಗ್ಗೆ ಮಂಡಿಸಿದ ಪ್ರಬಂಧಗಳನ್ನು ಕೇಳುತ್ತ ನಾನು ಕಳೆದ ಮಧ್ಯಾಹ್ನಗಳಲ್ಲಿ ಇಷ್ಟು ಉಪಯೋಗದ ಒಂದು ವಾಕ್ಯ ಬಂದದ್ದಿಲ್ಲ. ‘ದುಡಿಯುವ ದೇಹದ ಸಂಕಥನ’ವಂತೆ! ಕ್ಷೇತ್ರಕಾರ್ಯವೆಂದು ಹೋಗಿ, ಆ ಹುಡುಗನ ಹೆಸರು, ವಯಸ್ಸು, ಊರು, ಜಾತಿ ಬರೆದುಕೊಂಡು ‘ವಕ್ತೃಗಳು’ ಎಂಬ ಪಟ್ಟಿಗೆ ಸೇರಿಸುತ್ತೇವೆ. ಅವನಿಗೆ ಏನು ಗೊತ್ತು ಎಂಬುದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತ, ಸಾಸಿವೆಯಷ್ಟು ಗುಳ್ಳೆ ಎದ್ದ ಜಾಗವನ್ನು ಉಗುರಿನಲ್ಲಿ ಒತ್ತಿ ಹಿಡಿಯುತ್ತಾನಲ್ಲ, ಆ ವಿದ್ಯೆಯನ್ನು ಯಾವ ಅಧ್ಯಾಯದಲ್ಲಿ ಬರೆದೆವು? ಜರ್ಮನಿಯಲ್ಲಿ ಕಾರು ರಿಪೇರಿ ಕಲಿಯುವ ಹುಡುಗನಿಗೆ ಮೂರೂವರೆ ವರ್ಷದ ತರಬೇತಿ, ಜೊತೆಗೆ ಸಂಬಳ, ಕೊನೆಗೊಂದು ಪರೀಕ್ಷೆ, ಗೋಡೆಗೆ ತೂಗುಹಾಕಲು ಪತ್ರ. ನಮ್ಮವನಿಗೆ ಬೈಗುಳವೇ ಪಠ್ಯಕ್ರಮ. ಅವನ ಮಗ ಸ್ಪ್ಯಾನರ್ ಮುಟ್ಟಬಾರದು, ಓದಿ ನಮ್ಮ ಹಾಗಾಗಬೇಕು ಎಂದು ಅವನೇ ಆಸೆಪಡುತ್ತಾನೆ. ನಮ್ಮ ಹಾಗೆ!

ಕ್ಷಮಿಸಿ, ವಿದ್ವತ್ ಶಿಸ್ತು ತಪ್ಪಿತು. ಬೋಲ್ಟುಗಳನ್ನು ಸಾಲಾಗಿ ಅಲ್ಲ, ನಕ್ಷತ್ರ ಬಿಡಿಸುವಂತೆ ಒಂದು ಬಿಟ್ಟು ಒಂದನ್ನು ಬಿಗಿಯಬೇಕು. ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ. ಅನೇಕ ಕಾರುಗಳಿಗೆ ಅದು 120 ನ್ಯೂಟನ್ ಮೀಟರಿನ ಆಸುಪಾಸು. ಟಾರ್ಕ್ ರೆಂಚ್ ಕಟಕ್ ಎಂದ ಮೇಲೆ ಗಂಡಸುತನ ತೋರಿಸಬಾರದು. ಬಿಚ್ಚಿದ ಗಾಲಿಗಳನ್ನು ರಿಮ್ಮಿನೊಡನೆ ಒಂದರ ಮೇಲೊಂದು ಮಲಗಿಸಿಡಿ, ಬರೀ ಟೈರಾದರೆ ನಿಲ್ಲಿಸಿಡಿ. 50 ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಬೇಕು. ಉಪಸಂಹಾರ ಬರೆಯುವುದು ಬಾಕಿಯಿದೆ, ಆದರೆ ಕೈಯೆಲ್ಲ ಬ್ರೇಕಿನ ಮಸಿ.