ಹಲೋ ಮಾಸ್ತರ್

ರೇಡಿಯೋದ ನೇರ ಫೋನ್ ಕಾರ್ಯಕ್ರಮಕ್ಕೆ ಕರೆ ಮಾಡುವವರಲ್ಲಿ ಬಹುಪಾಲು ಮಂದಿ ನಿರುಪದ್ರವಿಗಳು. "ಊಟ ಆತೇನ್ರೀ ಮೇಡಂ? ನಿಮ್ಮ ಧ್ವನಿ ಭಾಳ ಚಲೋ ಐತ್ರಿ" ಎಂದು ಶುರುಮಾಡಿ, ಮನೆಮಂದಿಯ ಹೆಸರೆಲ್ಲ ಓದಿ ಹೇಳಿ, ಒಂದು ಹಾಡು ಕೇಳಿ ಫೋನ್ ಇಡುತ್ತಾರೆ. ಉಳಿದ ಕೆಲವರು ಹಾಡು ಕೇಳುವುದಿಲ್ಲ. ಅವರು "ಒಂದು ಮಾತು ಹೇಳ್ಲೇನ್ರೀ?" ಎನ್ನುತ್ತಾರೆ. ಅದಕ್ಕೆ ಬೇಡ ಎನ್ನುವ ಧೈರ್ಯ ಯಾವ ನಿರೂಪಕನಿಗೂ ಇರುವುದಿಲ್ಲ. ಆ ಒಂದು ಮಾತಿಗೆ ಪೂರ್ವಪೀಠಿಕೆ ಇರುತ್ತದೆ, ಮೂರು ಉಪಶಾಖೆ ಇರುತ್ತವೆ, ಮತ್ತು ಅದು ಯಾವಾಗಲೂ ಈಗಷ್ಟೇ ಸ್ಟುಡಿಯೋದಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿರುತ್ತದೆ.

ಹಳಿಯಾಳದಲ್ಲಿ ನಮ್ಮ ಕಂಪೌಂಡಿನ ಆಚೆ ಇರುವ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರು ಈ ಎರಡನೆಯ ಪಂಗಡದವರು. ಓಣಿಯವರೆಲ್ಲ ಅವರನ್ನು 'ಹಲೋ ಮಾಸ್ತರ್' ಎನ್ನುತ್ತಾರೆ. ಹಾಗೆಂದರೆ ಅವರ ಮನೆಯಲ್ಲಿ ಫೋನ್ ಇತ್ತೆಂದು ತಿಳಿಯಬಾರದು. ಫೋನ್ ಇದ್ದದ್ದು ನಮ್ಮ ಮನೆಯಲ್ಲಿ. ತೊಂಬತ್ತರ ದಶಕದಲ್ಲಿ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಬಂದ ಕಪ್ಪು ಡಬ್ಬಿಗೆ ಕ್ರೋಶದ ಮುಸುಕು ಹೊದಿಸಿ, ಹೋಗಿಬರುವವರಿಗೆ ಕಾಣುವಂತೆ ಕಿಟಕಿಯ ಬಳಿ ಇಟ್ಟಿದ್ದೆ. ಅದು ಯಾರಿಗೆ ಕಾಣಬಾರದಿತ್ತೋ ಅವರಿಗೇ ಮೊದಲು ಕಂಡಿತು.

ಮಾಸ್ತರರ ಮೂಲ ಧಾರವಾಡ. ಬಾಸೆಲ್ ಮಿಶನ್ನಿನವರು 1837ರಲ್ಲಿ ಅಲ್ಲಿ ಕಾಲಿಟ್ಟಾಗಿನಿಂದ ಬೈಬಲ್ಲು ಓದುತ್ತ ಬಂದ ಮನೆತನ ಎಂದು ಅವರ ಹೆಮ್ಮೆ. ಓದುವುದು ಎಂದರೆ ಭಕ್ತಿಯಿಂದ ಕಣ್ಣಾಡಿಸುವುದಲ್ಲ, ನಾಲ್ಕನೇ ಇಯತ್ತೆಯ ಹುಡುಗನ ಉತ್ತರಪತ್ರಿಕೆ ತಿದ್ದಿದಂತೆ ಓದುವುದು. ನೌಕರಿ ಸಿಕ್ಕಿದ್ದು ಉತ್ತರ ಕನ್ನಡದಲ್ಲಿ. ಸೂಪಾ ಊರು ಆಣೆಕಟ್ಟಿನ ನೀರಿಗೆ ಹೋಗಿ ಜೋಯಿಡಾ ತಾಲ್ಲೂಕು ಕೇಂದ್ರವಾದ ಹೊಸದರಲ್ಲಿ ಅಲ್ಲಿನ ಕಾಡಿನ ಶಾಲೆಗಳಲ್ಲಿ ಕೆಲಸ ಮಾಡಿದರು. ಕರೆಂಟಿಲ್ಲದ ಊರು, ಆದ್ದರಿಂದ ರೇಡಿಯೋಕ್ಕೆ ಸ್ವರ್ಗ. ಮೋಟಾರು, ಟ್ಯೂಬ್‌ಲೈಟು, ಯಾವುದರ ಗೊರಗೊರವೂ ಇಲ್ಲದೆ ಶಾರ್ಟ್‌ವೇವ್ ಕೇಂದ್ರಗಳು ರಾತ್ರಿ ಕನ್ನಡಿಯ ಹಾಗೆ ಬರುತ್ತಿದ್ದವಂತೆ.

ಆಗ ಹಿಂದೂ ಮಹಾಸಾಗರದ ಸೇಶಲ್ಸ್ ದ್ವೀಪದಿಂದ ಫೆಬಾ ರೇಡಿಯೋ ಕ್ರೈಸ್ತ ಕಾರ್ಯಕ್ರಮಗಳನ್ನು ಬಿತ್ತರಿಸುತ್ತಿತ್ತು. 1970ರಲ್ಲಿ ಶುರುವಾದದ್ದು, ಕನ್ನಡವೂ ಅದರಲ್ಲಿತ್ತು. ಶ್ರೀಲಂಕಾದ ಪುತ್ತಲಂನಿಂದ ಟ್ರಾನ್ಸ್ ವರ್ಲ್ಡ್ ರೇಡಿಯೋ ಬರುತ್ತಿತ್ತು. ನಮ್ಮ ದೇಶದಲ್ಲಿ ಈಗಲೂ ಧಾರ್ಮಿಕ ಸಂಸ್ಥೆಗಳಿಗೆ ಖಾಸಗಿ ಎಫ್‌ಎಂ ಪರವಾನಗಿ ಕೊಡುವುದಿಲ್ಲ. ಆಗಂತೂ ಪ್ರಸಂಗ ಕೇಳಬೇಕೆಂದರೆ ಸಮುದ್ರದ ಆಚೆಯಿಂದಲೇ ಕೇಳಬೇಕಿತ್ತು. ಮಾಸ್ತರರು ಕೇಳಿದರು, ಒಪ್ಪಲಿಲ್ಲ. ಮುಂಜಾನೆ ಎದ್ದು 15 ಪೈಸೆಯ ಕಾರ್ಡಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಅಂಚಿನಲ್ಲೂ ಸುತ್ತ ಬರೆದು, ತಮ್ಮ ಆಕ್ಷೇಪವನ್ನು ಫೆಬಾದ ಬೆಂಗಳೂರಿನ ವಿಳಾಸಕ್ಕೆ ಹಾಕಿದರು. ಯೋನನನ್ನು ನುಂಗಿದ್ದು ತಿಮಿಂಗಿಲ ಎಂದಿರಿ, ಗ್ರಂಥದಲ್ಲಿ ಇರುವುದು ದೊಡ್ಡ ಮೀನು, ತಿಮಿಂಗಿಲ ಮೀನೇ ಅಲ್ಲ, ಐದನೇ ಇಯತ್ತೆಯ ವಿಜ್ಞಾನ ನೋಡಿರಿ. ಇಂಥವು.

ಹೇಳಬೇಕಾದ ಸಂಗತಿ ಏನೆಂದರೆ, ಉತ್ತರ ಬಂತು.

ಇರಲಿ. ಆ ಕಾರ್ಡುಗಳ ಕಥೆ ಆಮೇಲೆ. ಮೊದಲು ನನ್ನ ಫೋನಿಗೆ ಆದ ಗತಿ ಹೇಳುತ್ತೇನೆ.

ಒಂದು ಡಿಸೆಂಬರಿನ ಸಂಜೆ. ಒಂದು ನಿಲಯದಲ್ಲಿ, ಹೆಸರು ಬೇಡ, ಕ್ರಿಸ್‌ಮಸ್ ವಿಶೇಷ ನೇರಪ್ರಸಾರ. ಅತಿಥಿಗಳಾಗಿ ಬಂದಿದ್ದ ಚರ್ಚಿನ ಅಯ್ಯನವರು ಪೂರ್ವದೇಶದಿಂದ ಬಂದ ಮೂವರು ಜ್ಞಾನಿಗಳ ಕಥೆ ಹೇಳುತ್ತಿದ್ದರು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾದಾಗಿನಿಂದ ರೇಡಿಯೋ ಕೇಳಿ ಬೆಳೆದ ನಮ್ಮ ಮನೆಯಲ್ಲೂ ಸೆಟ್ಟು ಹಚ್ಚಿತ್ತು. ಬಾಗಿಲು ಬಡಿದ ಸದ್ದು. ಮಾಸ್ತರರು. "ಒಂದs ಒಂದು ಎಸ್‌ಟಿಡಿ ಮಾಡಬೇಕಿತ್ತು" ಎಂದು ನನ್ನ ಉತ್ತರಕ್ಕೆ ಕಾಯದೆ ಕ್ರೋಶದ ಮುಸುಕು ಎತ್ತಿ ಪಕ್ಕಕ್ಕಿಟ್ಟರು. ಲೈನು ಸಿಕ್ಕಿತು. ನನಗೆ ನೆಂಟರ ಮನೆಗೆ ಯಾವತ್ತೂ ಒಂದೇ ಸಲಕ್ಕೆ ಸಿಗದ ಲೈನು ಅವರಿಗೆ ಸಿಕ್ಕಿತು.

"ಹಲೋ, ಹಳಿಯಾಳದಿಂದ ಮಾತಾಡಾಕತ್ತೇನಿ. ಒಂದು ಮಾತು ಹೇಳ್ಲೇನ್ರೀ?"

ನಿರೂಪಕಿ ಹೇಳಿ ಸರ್ ಎಂದಳು. ಆ 'ಹೇಳಿ ಸರ್' ಫೋನಿನಲ್ಲಿ ಒಮ್ಮೆ, ನಮ್ಮ ರೇಡಿಯೋದಲ್ಲಿ ಒಮ್ಮೆ, ಕಂಪೌಂಡಿನ ಆಚೆ ಮಾಸ್ತರರ ಮನೆಯ ರೇಡಿಯೋದಲ್ಲಿ ಇನ್ನೂ ಜೋರಾಗಿ ಒಮ್ಮೆ ಕೇಳಿತು. ನಾನು ನಮ್ಮದನ್ನು ಆರಿಸಿದೆ. ಅವರದು ಆರುವ ಲಕ್ಷಣ ಇರಲಿಲ್ಲ, ತಮ್ಮ ದನಿ ಆಕಾಶದಿಂದ ಬರುವುದನ್ನು ಓಣಿ ಕೇಳಲೆಂದೇ ಅದನ್ನು ಜಗಲಿಯ ಮೇಲೆ ಪೂರ್ತಿ ಏರಿಸಿ ಇಟ್ಟು ಬಂದಿದ್ದರು.

"ಸರ್, ದಯವಿಟ್ಟು ನಿಮ್ಮ ರೇಡಿಯೋ ಶಬ್ದ ಕಡಿಮೆ ಮಾಡಿ."

ಮಾಸ್ತರರು ರಿಸೀವರನ್ನು ಬಾಯಿಂದ ಒಂದಿಂಚೂ ಸರಿಸದೆ ಕಿಟಕಿಯ ಕಡೆ ಕತ್ತು ತಿರುಗಿಸಿ ಕೂಗಿದರು. "ಏ, ಕೇಳಿಲ್ಲಿ! ರೇಡಿಯೋ ಸಣ್ಣ ಮಾಡು!"

ಆಚೆಯಿಂದ ಅವರ ಹೆಂಡತಿ, ನಮ್ಮೆಲ್ಲರ ಕಾಕು: "ಏನಂದ್ರೀ? ಕೇಳವಲ್ದು!"

"ಸಣ್ಣ ಮಾಡು!"

"ಇದಕ್ಕಿಂತಾ ದೊಡ್ಡದು ಆಗೂದಿಲ್ರೀ! ಪೂರಾ ತಿರುವೇನಿ!"

ಈ ಸಂಸಾರ ಸಂವಾದ ನಾಲ್ಕು ತಾಲ್ಲೂಕು ದಾಟಿ ಎಲ್ಲೆಲ್ಲಿ ಪ್ರಸಾರವಿತ್ತೋ ಅಲ್ಲೆಲ್ಲ ತಲುಪಿತು. ನಿರೂಪಕಿಗೆ ನಗು. ಅಯ್ಯನವರು ಕೆಮ್ಮಿದರು. ಆಮೇಲೆ ಮಾಸ್ತರರು ಏನೂ ಆಗದವರಂತೆ ತಮ್ಮ ವಿಷಯಕ್ಕೆ ಬಂದರು. "ಮತ್ತಾಯ ಎರಡನೇ ಅಧ್ಯಾಯ ತಗೀರಿ. ಮೂರು ಮಂದಿ ಅಂತ ಎಲ್ಲಿ ಬರದೈತ್ರೀ? ಕಾಣಿಕಿ ಮೂರು ಅದಾವು. ಬಂಗಾರ, ಧೂಪ, ರಕ್ತಬೋಳ. ತಂದವರು ಎಷ್ಟು ಮಂದಿ ಅಂತ ಒಂದಕ್ಷರ ಇಲ್ಲ. ಇಬ್ಬರಿರಬಹುದು, ಹನ್ನೆರಡಿರಬಹುದು. ನೀವು ಮೂರಕ್ಕ ನಿಲ್ಲಿಸಿದ್ದು ಯಾವ ಆಧಾರದ ಮ್ಯಾಲೆ?"

ಮಾತು ಸರಿ. ಮತ್ತಾಯನು ಲೆಕ್ಕ ಕೊಟ್ಟಿಲ್ಲ. ಅಯ್ಯನವರೂ ಬಲ್ಲವರೇ, ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೈಕಿನ ಮುಂದೆ ಕೂತವರಿಗೆ ಹೌದು ಎನ್ನುವುದು ಬಲು ಕಷ್ಟ. "ತುಂಬಾ ಒಳ್ಳೆಯ ಪ್ರಶ್ನೆ. ಸಂಖ್ಯೆಗಿಂತ ಅವರ ವಿಶ್ವಾಸ ಮುಖ್ಯ" ಎಂದರು. "ವಿಶ್ವಾಸ ಮುಖ್ಯ ಖರೆ, ಆದ್ರ ಮೂರು ಅಂದಾವ್ರು ನೀವು" ಎಂದರು ಮಾಸ್ತರರು. "ಸಮಯದ ಅಭಾವವಿದೆ, ಮುಂದಿನ ಕರೆ ತೆಗೆದುಕೊಳ್ಳೋಣ, ಧನ್ಯವಾದಗಳು ಸರ್" ಎಂದಳು ನಿರೂಪಕಿ. ಮುಂದಿನ ಕರೆಯವನು ಧ್ವನಿ ಚಲೋ ಐತ್ರಿ ಎಂದ.

ಆ ನಿರೂಪಕಿಯನ್ನು ನಾನು ದೂರುವುದಿಲ್ಲ. ಆಕಾಶವಾಣಿಯ ಸಂಹಿತೆಯಲ್ಲಿ ಧರ್ಮ, ಸಮುದಾಯಗಳ ಮೇಲೆ ದಾಳಿ ಸಲ್ಲದು ಎಂಬ ಮಾತಿದೆ, ರೇಡಿಯೋದಲ್ಲಿ ಕೆಲಸ ಮಾಡಿದವರಿಗೆ ಯಾವ ನಿಲಯದಲ್ಲಿದ್ದರೂ ಅದು ತಲೆಯಲ್ಲಿ ಇದ್ದೇ ಇರುತ್ತದೆ. ನೇರಪ್ರಸಾರದಲ್ಲಿ ಒಬ್ಬ ನಿವೃತ್ತ ಮಾಸ್ತರ ಕ್ರಿಸ್‌ಮಸ್ ಸಂಜೆ ಜ್ಞಾನಿಗಳ ತಲೆ ಎಣಿಸತೊಡಗಿದರೆ ಅದು ದಾಳಿಯೋ ವಿದ್ವತ್ತೋ ಎಂದು ಮೂವತ್ತು ಸೆಕೆಂಡಿನಲ್ಲಿ ತೀರ್ಮಾನಿಸುವುದು ಯಾರಿಗಾದರೂ ಕಷ್ಟವೇ. ನಾನು ದೂರುವುದು ಆ ತಿಂಗಳ ಬಿಲ್ಲನ್ನು.

ಮಾಸ್ತರರ ಉಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಹೇಳಿಯೇ ಎರಡನೇ ಕಪ್ಪು ಕುಡಿಯುತ್ತಾರೆ. ದಿನಪತ್ರಿಕೆಯನ್ನು ನಮ್ಮದೇ ಓದಿ, ಕಾಗುಣಿತ ತಪ್ಪುಗಳಿಗೆ ಕೆಂಪು ಗೆರೆ ಹಾಕಿ ವಾಪಸು ಕೊಡುತ್ತಾರೆ. ನನ್ನ ಮಗಳಿಗೆ ದುಡ್ಡು ತೆಗೆದುಕೊಳ್ಳದೆ ಗಣಿತ ಹೇಳಿಕೊಟ್ಟವರು ಅವರೇ. ದಾಂಡೇಲಿಯಲ್ಲಿ ಇದ್ದಾಗ ಅವರಿಗೆ ಸುಗ್ಗಿ. 1955ರ ಕಾಗದ ಕಾರ್ಖಾನೆಗೆಂದು ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ ಊರದು, ಒಬ್ಬೊಬ್ಬರದು ಒಂದೊಂದು ಭಾಷೆ, ಒಂದೊಂದು ಕ್ರೈಸ್ತ ಸಭೆ. ಭಾನುವಾರ ಒಂದು ಸಭೆಯ ಪ್ರಸಂಗ ಒಪ್ಪದಿದ್ದರೆ ಮುಂದಿನ ಭಾನುವಾರ ಇನ್ನೊಂದು ಸಭೆಗೆ ಹೋಗಿ ಅಲ್ಲಿಯದನ್ನೂ ಒಪ್ಪದೆ ಬರುತ್ತಿದ್ದರಂತೆ.

ಆದರೆ ಅವರನ್ನು ಬದಲಿಸಿದ್ದು, ಅಥವಾ ಕೆಡಿಸಿದ್ದು, ಮುಂಡಗೋಡ. ಅಲ್ಲಿ 1966ರಿಂದ ಟಿಬೆಟನ್ನರ ವಸಾಹತು ಇದೆ, ಗಾದೆನ್ ಮತ್ತು ಡ್ರೆಪುಂಗ್ ಮಠಗಳಿವೆ. ಮಾಸ್ತರರು ಒಂದು ಸಂಜೆ ಕ್ಯಾಂಪಿಗೆ ಹೋದಾಗ ಮಠದ ಅಂಗಳದಲ್ಲಿ ನೂರಾರು ಭಿಕ್ಷುಗಳು ಜಗಳವಾಡುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಅದು ಪಾಠ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ, ಪ್ರಶ್ನೆ ಮುಗಿಯುವಾಗ ಕಾಲನ್ನು ನೆಲಕ್ಕೆ ಅಪ್ಪಳಿಸಿ ಅಂಗೈಗೆ ಅಂಗೈ ಫಟ್ಟೆಂದು ಹೊಡೆಯುತ್ತಾನೆ. ಕೂತವನು ಮನಸ್ಸಿಗೆ ಬಂದದ್ದು ಹೇಳುವಂತಿಲ್ಲ. ಒಪ್ಪಿದೆ ಎನ್ನಬೇಕು, ಇಲ್ಲವೇ ಕಾರಣ ಸಿದ್ಧವಾಗಿಲ್ಲ ಎನ್ನಬೇಕು, ಅದೂ ಅಲ್ಲವಾದರೆ ವ್ಯಾಪ್ತಿ ಇಲ್ಲ, ಅಂದರೆ ನೀನು ಕೊಟ್ಟ ಕಾರಣದಿಂದ ನಿನ್ನ ತೀರ್ಮಾನ ಹೊರಡುವುದಿಲ್ಲ, ಎನ್ನಬೇಕು. ಸಮಯದ ಅಭಾವ ಎನ್ನುವ ಉತ್ತರ ಆ ಪಟ್ಟಿಯಲ್ಲೇ ಇಲ್ಲ! ಮಾಸ್ತರರು ಇದನ್ನು ನನಗೆ ಹೇಳುವಾಗ ಎದ್ದು ನಿಂತು, ನಮ್ಮ ಪಡಸಾಲೆಯಲ್ಲಿ ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆದು ತೋರಿಸಿದರು. ಭಿನ್ನಮತ ಹೇಳುವವನನ್ನು ನಿಲ್ಲಿಸಿ, ಉತ್ತರ ಹೇಳುವವನನ್ನು ಕೂರಿಸುವ ಜಾಗವೊಂದು ತಮ್ಮ ಜಿಲ್ಲೆಯಲ್ಲೇ ಇತ್ತಲ್ಲ ಎಂಬ ಸಂಕಟ ಅವರ ಮುಖದಲ್ಲಿತ್ತು.

ಆ ವಿದ್ಯೆಯನ್ನು ಅವರು ರೇಡಿಯೋದ ಮೇಲೂ ಪ್ರಯೋಗಿಸಿದರು. ಆ ಹೊತ್ತಿಗೆ ಮೊಬೈಲ್ ಬಂದಿತ್ತು, ನನ್ನ ಬಿಲ್ಲು ಇಳಿದಿತ್ತು. ಒಬ್ಬ ಅತಿಥಿ, ಮಳೆ ತಡವಾಗಿದ್ದಕ್ಕೆ ಜನರ ಪಾಪವೇ ಕಾರಣ ಎಂದರು. ಮಾಸ್ತರರು ಕರೆ ಮಾಡಿ ಗಂಭೀರವಾಗಿ "ವ್ಯಾಪ್ತಿ ಇಲ್ಲ" ಎಂದರು. ನಿರೂಪಕ ಮರುಕದಿಂದ "ಹೌದು ಸರ್, ಆ ಕಡೆ ನೆಟ್‌ವರ್ಕ್ ತೊಂದರೆ ಇದೆ, ಸ್ವಲ್ಪ ಹೊರಗೆ ಬಂದು ಮಾತಾಡಿ" ಎಂದ.

2011ರ ಮೇ ತಿಂಗಳಲ್ಲಿ ಒಂದು ಸುದ್ದಿ ಓದಿ ಅವರು ಕೆಂಪು ಗೆರೆ ಹಾಕುವುದನ್ನೂ ಮರೆತರು. ಅಮೆರಿಕದಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಎಂಬ ಎಂಜಿನಿಯರು 1961ರಿಂದ ಫ್ಯಾಮಿಲಿ ರೇಡಿಯೋದಲ್ಲಿ ಫೋನ್ ಕಾರ್ಯಕ್ರಮ ನಡೆಸುತ್ತಿದ್ದ. ಯಾರು ಏನು ಆಕ್ಷೇಪಿಸಿದರೂ ಕೇಳಿ, ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿ, ಮುಂದಿನ ಕರೆ ಎನ್ನುವುದು ಆತನ ಧಾಟಿ. ಬೈಬಲ್ಲಿನ ಲೆಕ್ಕ ಹಾಕಿ ಮೇ 21ಕ್ಕೆ ಅಂತಿಮ ತೀರ್ಪು ಎಂದು ಸಾರಿದ. 21 ಶನಿವಾರ. ಏನೂ ಆಗಲಿಲ್ಲ. ಸೋಮವಾರ, 23ರಂದು, ಎಂಬತ್ತೊಂಬತ್ತರ ಆ ಮುದುಕ ಮತ್ತೆ ಮೈಕಿನ ಮುಂದೆ ಕೂತು, ತೀರ್ಪು ಆದದ್ದು ಆತ್ಮಿಕವಾಗಿ, ಲೋಕದ ಕೊನೆ ಅಕ್ಟೋಬರ್ 21ಕ್ಕೆ ಎಂದ. ಅದೂ ಆಗಲಿಲ್ಲ. ಮಾಸ್ತರರು ನಗಬಹುದೆಂದು ನಾನು ಕಾದೆ. "ಲೆಕ್ಕ ತಪ್ಪಿದ್ದು ಬಿಡ್ರಿ. ಸೋಮವಾರ ಬಂದು ಕೂತಾನಲ್ಲ! ನಮ್ಮಾವ್ರಾಗಿದ್ರ ಸಿಮ್ ಬದಲಿ ಮಾಡತಿದ್ರು" ಎಂದರು.

ಅದು ಅನುಭವದ ಮಾತು. ಈಗ ಮೊಬೈಲಿನಲ್ಲಿ ಲೈವ್ ಬರುವ ಬೋಧಕರು ಹೆಚ್ಚಿದ್ದಾರೆ, ಕರೆ ಮಾಡಿರಿ ಎಂದು ನಂಬರೂ ಕೊಡುತ್ತಾರೆ. ಅವರಲ್ಲೊಬ್ಬರಿಗೆ ಮಾಸ್ತರರು ಏದೆನ್ ತೋಟದ ಹಣ್ಣು ಸೇಬು ಎಂದು ಎಲ್ಲಿದೆ ಎಂದು ಕೇಳಿದರು. ಬೋಧಕರು ದನಿ ತಗ್ಗಿಸಿ "ಬ್ರದರ್, ನಿಮಗೋಸ್ಕರ ಪ್ರಾರ್ಥನೆ ಮಾಡ್ತೇನೆ" ಎಂದರು. ವಾದದಲ್ಲಿ ಇದಕ್ಕಿಂತ ಹರಿತವಾದ ಆಯುಧ ನಾನು ಕಂಡಿಲ್ಲ. "ಪ್ರಾರ್ಥನಾ ಬ್ಯಾಡ್ರೀ, ಉತ್ತರ ಹೇಳ್ರಿ" ಎಂದರು ಮಾಸ್ತರರು. ಅಂದಿನಿಂದ ಆ ನಂಬರಿಗೆ ಇವರ ಕರೆ ಹೋಗುವುದಿಲ್ಲ.

ಆ ರಾತ್ರಿಯೇ ಇರಬೇಕು, ನನ್ನನ್ನು ಕರೆದು ಬಿಸ್ಕಿಟಿನ ಹಳೆಯ ತಗಡಿನ ಡಬ್ಬಿ ತೆರೆದರು. ಒಳಗೆ ಬೆಂಗಳೂರಿನಿಂದ ಬಂದ ಕಾರ್ಡುಗಳು, ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡಿದ್ದವು. ಬರೆದವರು ಯಾರೋ ಗೊತ್ತಿಲ್ಲ, ಕೆಳಗೆ ಸಹಿ ಮಾತ್ರ. ಒಂದರಲ್ಲಿ, ಮೀನಿನ ವಿಷಯ ನೀವು ಹೇಳಿದ್ದು ಸರಿ, ಮುಂದಿನ ಪ್ರಸಾರದಲ್ಲಿ ಗಮನಿಸುತ್ತೇವೆ ಎಂಬ ಅರ್ಥದ ಎರಡು ಸಾಲು. ಇನ್ನೊಂದರಲ್ಲಿ, ಇದನ್ನು ನಾವು ಒಪ್ಪುವುದಿಲ್ಲ ಎಂದು ಹೇಳಿ ಮೂರು ವಚನಗಳ ಉಲ್ಲೇಖ. ಈ ಒಪ್ಪದ ಕಾರ್ಡನ್ನೇ ಮಾಸ್ತರರು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಿದ್ದರು. "ಇವ ಓದ್ಯಾನ ನೋಡ್ರಿ ನನ್ನ ಕಾರ್ಡು, ಅಂಚಿನ್ಯಾಗಿಂದೂ ಓದ್ಯಾನ" ಎಂದರು. ಫೆಬಾ ಸೇಶಲ್ಸಿನ ಶಾರ್ಟ್‌ವೇವ್ ಪ್ರಸಾರವನ್ನು 2003ರಲ್ಲಿ ನಿಲ್ಲಿಸಿತು. ಆಮೇಲೆ ಕಾರ್ಡು ಬರೆಯಲು ಅವರಿಗೆ ಯಾರೂ ಇರಲಿಲ್ಲ.

ಸಭೆಯಲ್ಲಿ ಎದ್ದು ನಿಂತರೆ ಹಿರಿಯರು ಕೂರಿಸುತ್ತಾರೆ. ಶಾಲೆಯಲ್ಲಿ ಮೂವತ್ತು ವರ್ಷ ಸಾಹೇಬರ ಮುಂದೆ ಹೌದ್ರೀ ಎಂದದ್ದೇ ಬಂತು. ಮನೆಯಲ್ಲಿ ಕಾಕುಗೆ ಕಿವಿ ಮಂದ, ವಾದ ಸಾಗದು. ಇಂಥವರಿಗೆ ಫೋನಿನ ಆಚೆ ಇರುವ ಅಪರಿಚಿತನೇ ಗತಿ. ಇಷ್ಟು ತಿಳಿದ ಮೇಲೂ ಅವರು ಬಾಗಿಲು ಬಡಿದರೆ ನಾನು ಮನೆಯಲ್ಲಿಲ್ಲ ಎನ್ನು ಎಂದು ಮಗಳಿಗೆ ಸನ್ನೆ ಮಾಡುತ್ತೇನೆ, ಅದು ಬೇರೆ ಮಾತು.

ಆದ್ದರಿಂದ ನಿರೂಪಕರಲ್ಲಿ, ಬೋಧಕರಲ್ಲಿ, ಅಯ್ಯನವರಲ್ಲಿ ನನ್ನದೊಂದು ವಿನಂತಿ. ಹಳಿಯಾಳದಿಂದ ಒಬ್ಬರು "ಒಂದು ಮಾತು ಹೇಳ್ಲೇನ್ರೀ" ಎಂದರೆ ಒಳ್ಳೆಯ ಪ್ರಶ್ನೆ ಎನ್ನಬೇಡಿ, ಪ್ರಾರ್ಥನೆಯನ್ನಂತೂ ಮಾಡಬೇಡಿ. ಸರಿ ಇದ್ದರೆ ಸರಿ ಎನ್ನಿ, ತಪ್ಪಿದ್ದರೆ ಯಾಕೆ ತಪ್ಪು ಎಂದು ಹೇಳಿ, ಬೇಕಾದರೆ ಜಗಳವನ್ನೇ ಆಡಿ. ಕರೆಯ ಖರ್ಚು ಈಗ ಅವರದೇ.