ಬೆತ್ತಾಸನ ಮೀಮಾಂಸೆ: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಉದ್ಯಾನ ಕುರ್ಚಿಯ ಆಯ್ಕೆ, ಬಳಕೆ, ಆರೈಕೆ (ಒಂದು ತಾತ್ವಿಕ ಅನುಸಂಧಾನ)

ಆಸನವೆಂಬುದು ಕೇವಲ ಆಸನವಲ್ಲ. ದೇಹಕ್ಕೂ ನೆಲಕ್ಕೂ ನಡುವಿನ ಅಂತರವನ್ನು ಒಂದೂವರೆ ಅಡಿ ಎತ್ತರಿಸಿ ಸಮಸ್ಯಾತ್ಮಕಗೊಳಿಸುವ ಬಹುಆಯಾಮಿ ಸಾಂಸ್ಕೃತಿಕ ಸಂಕಥನ. ಈ ವಾಕ್ಯಕ್ಕೆ ಅರ್ಥವಿಲ್ಲ ಎನ್ನುವವರು ವಿಚಾರ ಸಂಕಿರಣಗಳ ಕಡೆ ಸುಳಿದವರಲ್ಲ. ಅಲ್ಲಿ ಇದಕ್ಕಿಂತ ಬಡಕಲು ವಾಕ್ಯಕ್ಕೂ ಶಾಲು, ಹಾರ, ಪ್ರಯಾಣ ಭತ್ಯೆ ಸಿಗುತ್ತದೆ. ಆದ್ದರಿಂದ ಧೈರ್ಯವಾಗಿ ಮುಂದುವರಿಯೋಣ. ತೋಟದಲ್ಲಿಡುವ ಬೆತ್ತದ ಕುರ್ಚಿಯ ಬಗ್ಗೆ ಲೋಕದಲ್ಲಿ ಈಗಾಗಲೇ ಒಂದು ಶಾಸ್ತ್ರವಿದೆ. ಮೊದಲು ನಿಮ್ಮ ಉದ್ಯಾನದ ಅಳತೆ ತೆಗೆದುಕೊಳ್ಳಿ, ಹುಲ್ಲುಹಾಸಿಗೆ ಹೊಂದುವ ಬಣ್ಣ ಆರಿಸಿ, ಮಳೆಗಾಲದಲ್ಲಿ ಒಳಗಿಡಿ ಎಂದು ಅದು ಆಜ್ಞಾಪಿಸುತ್ತದೆ. ಶಾಸ್ತ್ರದ ಮೊದಲ ಸೂತ್ರಕ್ಕೇ ಈ ಸೀಮೆ ತಪ್ಪಿ ನಡೆಯುತ್ತದೆ: ಉದ್ಯಾನವಿಲ್ಲ. ಬೇವಿನ ಗಿಡವಿದೆ, ಅದರ ಬುಡದಲ್ಲಿ ಆಡು ಕಟ್ಟಿದೆ. ಶಾಸ್ತ್ರಕ್ಕೂ ನೆಲಕ್ಕೂ ತಾಳೆಯಾಗದಿದ್ದಾಗ ತಪ್ಪು ನೆಲದ್ದು ಎಂಬುದು ವಿದ್ವತ್ತಿನ ಹಳೆಯ ನಿಯಮ.

ಕ್ಷೇತ್ರದ ಆಯ್ಕೆಗೆ ಪ್ರಮಾಣವೂ ಇದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39 ಎಂದು ವಿಂಗಡಿಸಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವು. ಈ ಮಾದರಿಯನ್ನೇ ಅನುಸರಿಸಿ ಆಸನಗಳನ್ನೂ ಮೂರಾಗಿ ವಿಂಗಡಿಸಬಹುದು. ಹಿಂದುಳಿದ ಆಸನವೆಂದರೆ ಒಂದು ಕಾಲು ಸೀಳಿ ತಂತಿ ಸುತ್ತಿಸಿಕೊಂಡ ಪ್ಲಾಸ್ಟಿಕ್ ಕುರ್ಚಿ. ಅತಿ ಹಿಂದುಳಿದದ್ದು ಹನುಮಪ್ಪನ ಗುಡಿಯ ಕಟ್ಟೆ. ಅತ್ಯಂತ ಹಿಂದುಳಿದದ್ದು ಕುಕ್ಕರಗಾಲು, ಇದರಲ್ಲಿ ಆಸನವೂ ಆಸೀನನೂ ಒಂದೇ ಆಗಿರುವುದರಿಂದ ಅದ್ವೈತವೂ ಸಿದ್ಧಿಸುತ್ತದೆ. ಇನ್ನೂ ಹನ್ನೆರಡು ಉಪವರ್ಗಗಳಿದ್ದವು. ಬೇಡ, ಬಿಡೋಣ. ಈ ಮೂರು ತಾಲ್ಲೂಕಿನವರು ಎರಡು ದಶಕದಿಂದ ವರ್ಗೀಕರಣವನ್ನೇ ಉಂಡು ವರ್ಗೀಕರಣವನ್ನೇ ಹೊದ್ದು ಮಲಗಿದ್ದಾರೆ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು, ಈ ಭಾಗಕ್ಕೆ ವಿಶೇಷ ಸ್ಥಾನಮಾನವೆಂದು ಸಂವಿಧಾನಕ್ಕೆ 371(ಜೆ) ಸೇರಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಹೆಸರಿನ ಫಲಕ ಬರೆಯುವ ಪೇಂಟರನಿಗಂತೂ ಕಲ್ಯಾಣವಾಯಿತು.

ಆಯ್ಕೆಯ ವಿಷಯಕ್ಕೆ ಬರೋಣ. ಬೆತ್ತ ಬಿದಿರಲ್ಲ, ಮರವೂ ಅಲ್ಲ. ಮೈತುಂಬ ಮುಳ್ಳಿನ ಕೊಕ್ಕೆಗಳಿಂದ ಪಕ್ಕದ ಮರಗಳನ್ನು ಹಿಡಿದು ಮೇಲೇರುವ ತಾಳೆಯ ಜಾತಿಯ ಬಳ್ಳಿ. ಬಿದಿರು ಟೊಳ್ಳು, ಇದು ಗಟ್ಟಿ. ಅದಕ್ಕೇ ಬಿಸಿ ಮಾಡಿ ಬಾಗಿಸಿದರೆ ಮುರಿಯದೆ ಬಾಗುತ್ತದೆ. ನಮ್ಮಲ್ಲಿ ಕೊಡಗು, ಮಲೆನಾಡಿನ ಒದ್ದೆ ಕಾಡುಗಳಲ್ಲಿ ಬೆಳೆಯುತ್ತದೆ. ತಾನೇ ನೆಟ್ಟಗೆ ನಿಲ್ಲಲಾರದೆ ಬೇರೆಯವರ ಹೆಗಲೇರಿ ಬಿಸಿಲು ಕಾಣುವ ಈ ಸಸ್ಯ ಕುರ್ಚಿಯಾಗಿ ಅಧಿಕಾರಿಗಳ ಕೆಳಗೆ ಬಂದು ಸೇರಿದ್ದರಲ್ಲಿ ಔಚಿತ್ಯವಿದೆ. ಕಚೇರಿಗಳ ಹಳೆಯ ಮರದ ಕುರ್ಚಿಗಳಿಗೆ ಬೆತ್ತದ ಜಾಲರಿ ಹೆಣೆದಿರುತ್ತಿದ್ದುದು ಸೆಕೆಗಾಲದಲ್ಲಿ ಸಾಹೇಬರ ಕುಂಡಿಗೆ ಗಾಳಿಯಾಡಲೆಂದು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲಿನಲ್ಲಿ ಯಾವುದರ ಮೇಲೆ ಕೂರುತ್ತಿದ್ದ ಎಂಬುದನ್ನು ಎರಡು ಪಿಎಚ್.ಡಿ.ಗಳಿಗೆ ಮೀಸಲಿಡಬಹುದು. ಸಾಮಾನ್ಯ ಪ್ರಜೆಗೆ ಬೆತ್ತದ ಪರಿಚಯವಾದದ್ದು ಮಾತ್ರ ಕುಂಡಿಯಿಂದಲ್ಲ, ಅಂಗೈಯಿಂದ. ಶಾಲೆಯಲ್ಲಿ ಮೇಷ್ಟ್ರ ಕೈಯಲ್ಲಿದ್ದದ್ದೂ ಇದೇ ಬಳ್ಳಿ. ಅದರ ಏಟನ್ನು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ನಿಷೇಧಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು.

ಆರೈಕೆಯ ಅಧ್ಯಾಯದಲ್ಲಿ ಶಾಸ್ತ್ರ ಅತಿ ಮೃದುವಾಗುತ್ತದೆ. ಬೆತ್ತವನ್ನು ನೇರ ಬಿಸಿಲಿಗೆ ಬಿಡಬಾರದು. ತೇವ ಆರಿ ಸೀಳುತ್ತದೆ. ನೆರಳು ಬೇಕು, ಆಗಾಗ ಒದ್ದೆ ಬಟ್ಟೆಯಿಂದ ಒರೆಸಬೇಕು, ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಹಚ್ಚಬೇಕು. ಕೂತು ಕೂತು ಜಾಲರಿ ಜೋತುಬಿದ್ದರೆ ಅಡಿಯಿಂದ ಬಿಸಿನೀರಿನ ಬಟ್ಟೆಯೊತ್ತಿ ನೆರಳಲ್ಲಿ ಒಣಗಲು ಬಿಡಬೇಕು. ಅದು ತಾನಾಗಿ ಬಿಗಿಯುತ್ತದೆ. ಎಲ್ಲವೂ ನಿಜ, ಎಲ್ಲವೂ ಉಪಯುಕ್ತ. ಏಪ್ರಿಲ್–ಮೇನಲ್ಲಿ ಪಾದರಸ 42 ದಾಟುವ ಈ ಸೀಮೆಯಲ್ಲಿ ಬಿಸಿಲಿನ ಬಗ್ಗೆ ಸರ್ಕಾರಕ್ಕೂ ತಿಳಿದಿದೆ. ಕಲಬುರಗಿ ವಿಭಾಗದ ಕಚೇರಿಗಳು ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕುರ್ಚಿಗೂ ಕುರ್ಚಿಯಲ್ಲಿರುವವರಿಗೂ ನೆರಳು ಸಿಕ್ಕಿತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಅನುಸೂಚಿಯಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೆ ನೆರಳು, ದಣಿವಾರಿಸಿಕೊಳ್ಳಲು ಬಿಡುವು ಇರಬೇಕೆಂದು ಬರೆದಿತ್ತು. ನೆರಳು, ನೀರು, ವಿಶ್ರಾಂತಿ: ಬೆತ್ತಕ್ಕೆ ಶಾಸ್ತ್ರ ವಿಧಿಸಿದ ಮೂರೂ ಅಲ್ಲಿದ್ದವು. ಕೆರೆಯ ಹೂಳೆತ್ತುವ ಹೆಂಗಸಿನ ಕೂಸು ಜಾಲಿಯ ಕಂಟಿಗೆ ಕಟ್ಟಿದ ಹಳೆ ಸೀರೆಯ ಜೋಳಿಗೆಯಲ್ಲಿ ಮಲಗುತ್ತದೆ. ಆ ಸೀರೆಯೇ ಕಾಯ್ದೆಯ ನೆರಳು. ಸೀಳಿದ ಬೆತ್ತಕ್ಕೆ ಎಣ್ಣೆ ಯಾವುದೆಂದು ನಾಲ್ಕು ಪುಟ ಬರೆಯಬಲ್ಲ ನಾಗರಿಕತೆಗೆ ಸೀಳಿದ ಹಿಮ್ಮಡಿಯ ಬಗ್ಗೆ ಒಂದು ಅಡಿಟಿಪ್ಪಣಿಯೂ ಹೊಳೆಯಲಿಲ್ಲವಲ್ಲ!

ಇಲ್ಲಿ ದೇಸೀವಾದಿ ವಿದ್ವಾಂಸರೊಬ್ಬರು ಎದ್ದು ನಿಂತು, ಬೆತ್ತವೇಕೆ, ನಮ್ಮ ಹೊರಸಿಲ್ಲವೇ ಎನ್ನುತ್ತಾರೆ. ಒಳ್ಳೆಯ ಆಕ್ಷೇಪ. ನೂಲಿನ ಕಾಯಕದ ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಹುಲ್ಲಿನಿಂದ ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯ ಕಲ್ಯಾಣದ ಶರಣ. ನೇಯುವ, ಹೊಸೆಯುವ ಕೈಗಳಿಗೆ ಇಲ್ಲಿ ಬರವಿರಲಿಲ್ಲ. ಪುಂಡಿ ನಾರಿನ ಹಗ್ಗದಿಂದ ಹೆಣೆದ ಹೊರಸು ಜೋತುಬಿದ್ದರೆ ಕಾಲ್ದೆಸೆಯ ಹಗ್ಗ ಜಗ್ಗಿ ಕಟ್ಟಿದರಾಯಿತು. ತಗಣಿ ಹತ್ತಿದರೆ ಅಂಗಳದಲ್ಲಿ ನಿಲ್ಲಿಸಿ, ಕೂಡುಮೂಲೆಗಳಿಗೆ ಕುದಿವ ನೀರು ಹೊಯ್ದು, ಇಡೀ ದಿನ ಬಿಸಿಲಿಗೆ ಬಿಡುತ್ತಾರೆ. ಬೆತ್ತಕ್ಕೆ ಶತ್ರುವಾದ ಬಿಸಿಲು ಹೊರಸಿಗೆ ವೈದ್ಯ. ಈ ನೆಲಕ್ಕೆ ಹೇಳಿಮಾಡಿಸಿದ ಸಾಮಾನು ಅದು, ಒಪ್ಪಿದೆ. ಆದರೆ ಹೊರಸನ್ನು ಹೊಗಳುವವರು ಅದರ ಮೇಲೆ ಯಾರು ಕೂರುತ್ತಿದ್ದರು ಎಂಬುದನ್ನೂ ಹೇಳಬೇಕು. ಗೌಡರು ಎದುರಿಗೆ ಬಂದರೆ ತನ್ನ ಮನೆಯ ಮುಂದೆ, ತಾನೇ ಹೆಣೆದ ಹೊರಸಿನಿಂದಲೇ ಎದ್ದು ನಿಲ್ಲಬೇಕಾದವರಿದ್ದರು. ಗುಡಿಯ ಕಟ್ಟೆಯಂತೂ ಅವರ ಪಾಲಿಗೆ ಕಟ್ಟೆಯೇ ಆಗಿರಲಿಲ್ಲ. ಕೂರುವ ಹಕ್ಕನ್ನು ಬಿಟ್ಟು ಕೂರುವ ಸಾಮಾನಿನ ಬಗ್ಗೆ ಮಾತಾಡುವುದರಲ್ಲಿ ದೇಸಿಯೂ ವಿದೇಶಿಯೂ ಒಂದೇ ಗರಡಿಯವರು.

ಎರಡನೆಯ ಆಕ್ಷೇಪ ಆಧುನಿಕರದು: ಈಗ ಪಾಲಿಥೀನಿನ ಕೃತಕ ಬೆತ್ತ ಬಂದಿದೆ, ಬಿಸಿಲಿಗೂ ಮಳೆಗೂ ಜಗ್ಗುವುದಿಲ್ಲ, ಇಷ್ಟೆಲ್ಲ ಗೋಳೇಕೆ? ಬಂದಿದೆ, ನಿಜ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಅದು ಧಾರಾಳವಾಗಿದೆ. ಆ ಬಾಲ್ಕನಿಗಳಿಗೆ ಕಾಂಕ್ರೀಟು ಹೊತ್ತವರಲ್ಲಿ ಯಾದಗಿರಿಯಿಂದ ಗುಳೆ ಹೋದವರಿದ್ದಾರೆ, ಕಟ್ಟಡ ಮುಗಿದ ಮೇಲೆ ಅವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಕೃಷ್ಣೆ ಒಂದು ಮಗ್ಗುಲಲ್ಲಿ, ಭೀಮೆ ಇನ್ನೊಂದು ಮಗ್ಗುಲಲ್ಲಿ ಹರಿಯುವ ಜಿಲ್ಲೆಯಿಂದ ಜನ ಯಾಕೆ ಬಸ್ಸು ಹತ್ತುತ್ತಾರೆ ಎಂಬುದಕ್ಕೆ ವರದಿಗಳಿವೆ. ಅವನ್ನು ಯಾರೋ ನೆರಳಲ್ಲಿ, ಕುರ್ಚಿಯಲ್ಲಿ ಕೂತು ಬರೆದಿದ್ದಾರೆ. ಪ್ರಬಂಧದ ಮಟ್ಟಿಗೆ ಇದು ಅಪ್ರಸ್ತುತ ಎಂದು ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಗುರುತು ಹಾಕಬಹುದು, ಹಾಕಲಿ.

ಇಷ್ಟಾದ ಮೇಲೂ ಬೆತ್ತದ ಕುರ್ಚಿ ಬೇಕೇಬೇಕು ಎನ್ನುವವರಿಗೆ ಸಲಹೆ ಕೊಡದಿದ್ದರೆ ಶಾಸ್ತ್ರಕ್ಕೆ ಲೋಪ. ನಿಜವಾದ ಬೆತ್ತವಾದರೆ ಅಂಗಳದಲ್ಲಿಡಬೇಡಿ, ಪಡಸಾಲೆಯಲ್ಲಿ ಗೋಡೆಯ ನೆರಳಿಗಿಡಿ. ಕೃತಕವಾದರೆ ಚೌಕಟ್ಟು ಅಲ್ಯುಮಿನಿಯಂದೇ ಎಂದು ಎತ್ತಿ ನೋಡಿ. ಕಬ್ಬಿಣದ್ದಾದರೆ ಬಣ್ಣ ಸಿಪ್ಪೆಯೆದ್ದ ಕಡೆ ತುಕ್ಕು ಹಿಡಿಯುತ್ತದೆ. ನಾಲ್ಕು ಬೇಕೆಂದು ಹೋದವರು ಆರು ತನ್ನಿ. ಟೆಂಪೋದಿಂದ ಕುರ್ಚಿ ಇಳಿಸಿದವರಿಬ್ಬರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ.